ಫಿಟ್ಟರ್ ಸೆಕ್ಷನ್: ಟೋಕನ್, ಹಳಿ ಗಂಟೆ, ಕೊನೆಯ ನಲವತ್ತು ನಿಮಿಷ

ಲೋಹದ ಭಾಗ ಮಾಡಿ ಜೋಡಿಸುವುದನ್ನು ಕಲಿಸುವ ನಮ್ಮ ಐಟಿಐ ಫಿಟ್ಟರ್ ಸೆಕ್ಷನ್‌ನಲ್ಲಿ ದಿನಕ್ಕೆ ಅರ್ಧ ಗಂಟೆ ಟೋಕನ್, ತಪಾಸಣೆ, ಕಸ ಗುಡಿಸುವುದು ಎಂದು ಕಳೆದರೆ ಜಾಬ್‌ಗಳು (ಟ್ರೈನಿಗಳು ಮಾಡಿ ಮುಗಿಸಬೇಕಾದ ಲೋಹದ ತುಂಡುಗಳು) ಮುಗಿಯುವುದಿಲ್ಲ ಎಂದವರೇ ಹೆಚ್ಚು. ಮುಗಿಯುತ್ತಿವೆ, ಮೊದಲಿಗಿಂತ ಬೇಗನೇ. ಟ್ರೈಸ್ಕ್ವೇರ್ ಯಾರ ಹತ್ತಿರ, ಎಂಟು ಮಿ.ಮೀ. ಡ್ರಿಲ್ ಬಿಟ್ ಎಲ್ಲಿ ಎಂದು ಹುಡುಕುವುದಕ್ಕೇ ಹಿಂದೆ ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತಿತ್ತು. ಒಂದು ಯೂನಿಟ್‌ಗೆ 20 ಟ್ರೈನಿಗಳು, ಎರಡು ಲೇತ್ (ಕಡೆಯುವ ಮೆಷಿನ್), ಒಂದು ಪಿಲ್ಲರ್ ಡ್ರಿಲ್, ಒಂದು ಪೆಡೆಸ್ಟಲ್ ಗ್ರೈಂಡರ್ (ಸಾಣೆ ವೀಲಿನ ಮೆಷಿನ್), ಒಬ್ಬ ಜೆಟಿಒ (ಕಿರಿಯ ತರಬೇತಿ ಅಧಿಕಾರಿ), ಅಂದರೆ ನಾನು. ಎಲ್ಲ ಕಡೆ ಒಬ್ಬರ ಕಣ್ಣು ಇರಲು ಸಾಧ್ಯವಿಲ್ಲ. ತಪ್ಪಾದರೆ ಜಾಗವೇ ಅದನ್ನು ತೋರಿಸಿಕೊಡುವ ಹಾಗೆ ಸೆಕ್ಷನ್ ಕಟ್ಟಬೇಕು. ನಾನು ಮಾಡಿದ್ದು ಅಷ್ಟೇ.

ಮೊದಲು ಟೂಲ್. ಎಲ್ಲವನ್ನೂ ಒಂದೇ ಬೀರುವಿಗೆ ಹಾಕಿ ಬೀಗ ಜಡಿದರೆ ಬೆಳಿಗ್ಗೆ ಇಪ್ಪತ್ತು ಜನರ ಸಾಲು ನಿಲ್ಲುತ್ತದೆ. ರಿಜಿಸ್ಟರ್‌ನಲ್ಲಿ ಸಹಿ ಹಾಕಿಸುವುದೂ ಫಲ ಕೊಡಲಿಲ್ಲ. ಸಹಿ ಬೀಳುತ್ತದೆ, ಟೂಲ್ ವಾಪಸ್ ಬರುವುದಿಲ್ಲ. ಈಗ ಟೂಲ್‌ಗಳನ್ನು ಎರಡು ಪಾಲು ಮಾಡಿದ್ದೇನೆ. 12 ಇಂಚಿನ ಬಾಸ್ಟರ್ಡ್ (ಒರಟು ಹಲ್ಲಿನ) ಅರ, ಸೆಕೆಂಡ್ ಕಟ್ ಅರ, ಸ್ಟೀಲ್ ರೂಲ್, ಸ್ಕ್ರೈಬರ್, ಸೆಂಟರ್ ಪಂಚ್, ಬಾಲ್ ಪೀನ್ ಸುತ್ತಿಗೆ, ವೈರ್ ಬ್ರಷ್ ಇವು ಆಯಾ ವೈಸ್‌ನ (ಜಾಬ್ ಬಿಗಿಹಿಡಿಯುವ ದವಡೆಯ) ಪಕ್ಕದ ಪೆಟ್ಟಿಗೆಯಲ್ಲೇ ಇರುತ್ತವೆ. ಪೆಟ್ಟಿಗೆಗೂ ವೈಸ್‌ಗೂ ಒಂದೇ ನಂಬರ್. ವರ್ನಿಯರ್, ಮೈಕ್ರೋಮೀಟರ್, ಕಾಂಬಿನೇಷನ್ ಸೆಟ್, ತಿರುಪಿನ ಸುತ್ತು ಕೊರೆಯುವ ಟ್ಯಾಪ್ ಮತ್ತು ಡೈ, ಡ್ರಿಲ್ ಬಿಟ್ ಮಾತ್ರ ಟೋಕನ್ ಮೇಲೆ: ತನ್ನ ನಂಬರಿನ ಬಿಲ್ಲೆ ಬೋರ್ಡ್‌ನಲ್ಲಿ ಬಿಟ್ಟು ಟೂಲ್ ಒಯ್ಯಬೇಕು. ತಲೆಗೆ ಐದು ಟೋಕನ್. ಸ್ಕ್ರ್ಯಾಪ್ ಅಲ್ಯೂಮಿನಿಯಂ ಶೀಟಿನಿಂದ ಸುಮಾರು 30 ಮಿ.ಮೀ. ಬಿಲ್ಲೆ ಕತ್ತರಿಸಿ ನಂಬರ್ ಪಂಚ್ ಹೊಡೆಸಿದರೆ ಅದೇ ಒಂದು ಒಳ್ಳೆಯ ಮಾರ್ಕಿಂಗ್ ಜಾಬ್. ಪ್ಲಾಸ್ಟಿಕ್ ಟೋಕನ್‌ಗೆ ದುಡ್ಡು ಹಾಕಬೇಡಿ, ಆರು ತಿಂಗಳು ಬಾಳುವುದಿಲ್ಲ.

ಟೋಕನ್ ಟೂಲ್‌ಗಳನ್ನು ತೂಗುಹಾಕುವ ಬೋರ್ಡ್‌ಗೆ 12 ಮಿ.ಮೀ. ಪ್ಲೈವುಡ್. ಬಿಳಿ ಬಣ್ಣದ ಮೇಲೆ ಪ್ರತಿ ಟೂಲಿನ ಆಕಾರವನ್ನು ಕೆಂಪಿನಲ್ಲಿ ಬರೆಸಬೇಕು. ಕಪ್ಪಿನಲ್ಲಿ ಬರೆಸಿದರೆ ದೂರಕ್ಕೆ ಟೂಲ್ ತೂಗಿದಂತೆಯೇ ಕಾಣುತ್ತದೆ. ಕೆಂಪು ಕಂಡರೆ ಅಲ್ಲಿ ಟೂಲ್ ಇಲ್ಲ, ಅದರ ಕೆಳಗಿನ ಮೊಳೆಯಲ್ಲಿ ಯಾರ ಬಿಲ್ಲೆ ಇದೆಯೋ ಅವರ ಕೈಯಲ್ಲಿದೆ.

ಪದ್ಧತಿ ಮೊದಲು ಮುಗ್ಗರಿಸಿದ್ದು ಸಂಜೆ. ಒಂದು ಟ್ಯಾಪ್ ಸಿಗದೆ ಎಲ್ಲರನ್ನೂ ನಿಲ್ಲಿಸಿದರೆ ಹಳ್ಳಿ ಕಡೆಯ ಮಕ್ಕಳಿಗೆ ಬಸ್ ತಪ್ಪುತ್ತದೆ. ಎರಡು ಸಲ ಹಾಗಾದರೆ ಅವರಿಗೆ ಟೋಕನ್ ಎಂದರೇ ಸಿಟ್ಟು. ಊಟಕ್ಕೆ ಬಿಡುವ ಮುಂಚೆ ಬೋರ್ಡನ್ನು ಇನ್ನೊಮ್ಮೆ ಪೂರ್ತಿ ಮಾಡಿಸಿದ ಮೇಲೆ ಇದು ನಿಂತಿತು. ಬೆಳಿಗ್ಗೆ ಕಳೆದದ್ದು ಬೆಳಿಗ್ಗೆಯೇ ಸಿಗುತ್ತದೆ. ಸಂಜೆಯ ಮುಚ್ಚುವ ಕೆಲಸ ಶುರುವಿನಲ್ಲಿ 25 ನಿಮಿಷ ಹಿಡಿಯುತ್ತಿತ್ತು, ಈಗ ಹನ್ನೆರಡು ಹದಿಮೂರು ನಿಮಿಷ. ಮೊದಲು ಮೇನ್ ಐಸೊಲೇಟರ್ (ಮೆಷಿನ್‌ಗಳ ಕರೆಂಟ್ ಕಡಿಯುವ ಸ್ವಿಚ್) ಆಫ್, ಆಮೇಲೆ ಚಿಪ್ಸ್ (ಲೋಹದ ಚೂರು) ಬ್ರಷ್‌ನಿಂದ, ಆಮೇಲೆ ಲೇತ್‌ನ ಬೆಡ್‌ಗೆ ಎಣ್ಣೆ, ಟೂಲ್ ಬೋರ್ಡ್‌ಗೆ, ಕೊನೆಗೆ ನೆಲ. ನೆಲವನ್ನು ಮೊದಲು ಗುಡಿಸಿದರೆ ಎರಡು ಸಲ ಗುಡಿಸಬೇಕಾಗುತ್ತದೆ. ಎಣ್ಣೆ ಹಿಡಿದ ಕಾಟನ್ ವೇಸ್ಟ್ ಮುಚ್ಚಳವಿರುವ ತಗಡಿನ ಡಬ್ಬಿಗೆ ಮಾತ್ರ.

ಹ್ಯಾಕ್ಸಾ (ಲೋಹ ಕೊಯ್ಯುವ ಗರಗಸ) ಬ್ಲೇಡಿಗೆ ಟೋಕನ್ ಇಲ್ಲ, ಅದಲು ಬದಲು. ಮುರಿದ ಎರಡೂ ತುಂಡು ತಂದರೆ ಹೊಸದು. ತಿಂಗಳ ಕೊನೆಗೆ ಆ ತುಂಡುಗಳನ್ನು ಬೆಂಚಿನ ಮೇಲೆ ಹರಡಿ ನೋಡಿದರೆ ಪಾಠ ಎಲ್ಲಿ ಸರಿಯಾಗಿ ಇಳಿದಿಲ್ಲ ಎಂಬುದು ತಿಳಿಯುತ್ತದೆ. ಪಿನ್ ತೂತಿನ ಹತ್ತಿರ ಸೀಳಿದ್ದರೆ ಬ್ಲೇಡ್ ಎಳೆದು ಬಿಗಿಸುವ ವಿಂಗ್ ನಟ್ ಅತಿ ಬಿಗಿ. ಹಲ್ಲು ಸಾಲಾಗಿ ಉದುರಿದ್ದರೆ ತೆಳು ಪೈಪಿಗೆ 1.8 ಮಿ.ಮೀ. ಪಿಚ್ (ಹಲ್ಲಿನಿಂದ ಹಲ್ಲಿಗೆ ದೂರ) ಹಾಕಿದ್ದಾರೆ, 0.8 ಹಾಕಬೇಕಿತ್ತು. ನಡುವೆ ಮುರಿದಿದ್ದರೆ ಬಹಳ ಸಲ ಹಳೆಯ ಗೀರಿನಲ್ಲೇ ಹೊಸ ಬ್ಲೇಡ್ ಇಳಿಸಿರುತ್ತಾರೆ. ಸವೆದ ಬ್ಲೇಡಿನ ಗೀರು ಕಿರಿದು, ಹೊಸದರ ಸೆಟ್ (ಹಲ್ಲುಗಳ ಆಚೀಚೆ ಬಾಗು) ಅಗಲ, ಸಿಕ್ಕಿಕೊಂಡು ಪಟ್ಟನೆ ಮುರಿಯುತ್ತದೆ. ಜಾಬ್ ತಿರುಗಿಸಿ ಎದುರು ಬದಿಯಿಂದ ಕೊಯ್ಯಬೇಕು. ಬ್ಲೇಡಿನ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ, ಇಂಡೆಂಟ್ (ಸಾಮಾನಿನ ಬೇಡಿಕೆ ಪಟ್ಟಿ) ಬರೆಯುವಾಗ ಪ್ರಿನ್ಸಿಪಾಲರೇ ಗಮನಿಸಿದ್ದಾರೆ.

ಗ್ರೈಂಡರ್‌ಗೆ ಬೀಗ ಹಾಕಿಯೇ ಇಡುತ್ತೇನೆ. ದಿನವೂ ಬೆಳಿಗ್ಗೆ ಆ ವಾರದ ಮೆಷಿನ್ ಜವಾಬ್ದಾರಿ ಹೊತ್ತವರು ವೀಲ್‌ಗೂ ಟೂಲ್ ರೆಸ್ಟ್‌ಗೂ (ಜಾಬ್ ಊರುವ ಆಸರೆ) ನಡುವಿನ ಸಂದನ್ನು ಗೇಜ್ ಹಾಕಿ ನೋಡಬೇಕು. ಕಣ್ಣಳತೆ ಸಾಲದು. 3 ಮಿ.ಮೀ. ಶೀಟಿನ ಒಂದು ತುಂಡು ಸರಪಳಿಯಲ್ಲಿ ಗ್ರೈಂಡರ್‌ಗೇ ಕಟ್ಟಿದೆ. ಅದು ಸಂದಿನೊಳಗೆ ಸಡಿಲವಾಗಿ ಓಡಾಡಿದರೆ ರೆಸ್ಟ್ ಮುಂದಕ್ಕೆ ತರಬೇಕು, ವೀಲ್ ನಿಂತಾಗ ಮಾತ್ರ. ಮೇಲಿನ ನಾಲಿಗೆ ಗಾರ್ಡ್‌ನ ಸಂದಿಗೆ 6 ಮಿ.ಮೀ. ತುಂಡು. ಹೊಸ ವೀಲ್ ಬಂದರೆ ನೇತುಹಾಕಿ, ಸ್ಕ್ರೂಡ್ರೈವರ್‌ನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ನೆಟ್ಟಗಿನ ಗೆರೆಯಿಂದ 45 ಡಿಗ್ರಿ ಆಚೆ ಈಚೆ ತಟ್ಟಿ, ತಿರುಗಿಸಿ ಮತ್ತೆ ತಟ್ಟಬೇಕು. ಸ್ಪಷ್ಟ ನಾದ ಬರಬೇಕು. ಮಂಕಾಗಿ ಕೇಳಿದರೆ ಬಿರುಕಿದೆ ಎಂದೇ ಲೆಕ್ಕ. ಒದ್ದೆಯಾದ ವೀಲ್ ಸರಿಯಾಗಿದ್ದರೂ ಮಂಕಾಗಿ ಕೇಳುತ್ತದೆ, ಮಳೆಗಾಲದಲ್ಲಿ ಒಣಗಿಸಿ ತಟ್ಟಿ. ಫ್ಲ್ಯಾಂಜ್ (ವೀಲನ್ನು ಎರಡೂ ಬದಿಯಿಂದ ಹಿಡಿಯುವ ಬಿಲ್ಲೆ) ಹಾಕುವಾಗ ಎರಡೂ ಕಡೆ ಕಾಗದದ ಬ್ಲಾಟರ್ ಇರಲೇಬೇಕು. ಹಾಕಿದ ಮೇಲೆ ಒಂದು ನಿಮಿಷ ಪಕ್ಕಕ್ಕೆ ನಿಂತು ಖಾಲಿ ಓಡಿಸಬೇಕು. ಅಲ್ಯೂಮಿನಿಯಂ, ಹಿತ್ತಾಳೆ ಯಾರಾದರೂ ಹಿಡಿದರೆ ವೀಲ್ ಮುಖ ತುಂಬಿಕೊಳ್ಳುತ್ತದೆ, ಆಮೇಲೆ ಹುಡುಗರು ಬಲ ಹಾಕಿ ಒತ್ತುತ್ತಾರೆ. ಅಪಾಯ ಶುರುವಾಗುವುದೇ ಆ ಒತ್ತುವುದರಲ್ಲಿ.

ಲೇತ್‌ನ ಚಕ್ (ಜಾಬ್ ಹಿಡಿಯುವ ಭಾಗ) ಬಿಗಿಸುವ ಕೀಯನ್ನು ಅದರಲ್ಲೇ ಬಿಡಬೇಡಿ ಎಂದು ಬಾಯಲ್ಲಿ ಹೇಳಿ ಸಾಕಾದ ಮೇಲೆ ಕೀಗೆ ಒಂದು ಗೂಡು ಮಾಡಿ, ಅದರೊಳಗೆ ಮೈಕ್ರೋಸ್ವಿಚ್ ಕೂರಿಸಿ, ಸ್ಟಾರ್ಟರ್‌ನ ನೋ-ವೋಲ್ಟ್ ಕಾಯಿಲ್‌ಗೆ (ಕರೆಂಟ್ ಇದ್ದರೆ ಮಾತ್ರ ಮೋಟಾರನ್ನು ಆನ್ ಹಿಡಿಯುವ ಸುರುಳಿ) ಸೀರೀಸ್‌ನಲ್ಲಿ ಕೊಟ್ಟಿದ್ದೇನೆ. ಕೀ ಗೂಡಿನಲ್ಲಿ ಇಲ್ಲದಿದ್ದರೆ ಮೋಟಾರ್ ಏಳುವುದಿಲ್ಲ. ಅದಕ್ಕೂ ಮುಂಚೆ ತಾನಾಗಿ ಹೊರಚಿಮ್ಮುವ ಸ್ಪ್ರಿಂಗ್ ಕೀ ಪ್ರಯತ್ನಿಸಿದ್ದೆ. ಬಿಗಿ ಮಾಡಲು ತೊಡಕು ಎಂದು ಸ್ಪ್ರಿಂಗ್ ಕಿತ್ತು ಎಸೆದರು. ಗೂಡಿಗೂ ಒಂದು ಬೋಲ್ಟ್ ತುರುಕಿ ಸ್ವಿಚ್ ಒತ್ತಿಸಿ ನೋಡಿದರು. ಈಗ ಬೋಲ್ಟಿಗೆ ಅದು ಬಗ್ಗುವುದಿಲ್ಲ. ಒಳಗಿನ ಜೋಡಣೆ ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ, ಓದುವವರಲ್ಲಿ ಟ್ರೈನಿಗಳೂ ಇರುತ್ತಾರೆ. ಒಂದು ಲೇತ್‌ಗೆ ಎಲ್ಲ ಸೇರಿ ಸುಮಾರು ಆರುನೂರು ರೂಪಾಯಿ ಬಿದ್ದಿರಬೇಕು.

ಡ್ರಿಲ್ಲಿಂಗ್‌ನಲ್ಲಿ ಬಿಟ್ ಕೆಳಗೆ ಹೊರಬರುವ ಕ್ಷಣದಲ್ಲೇ ಜಾಬ್ ಸುತ್ತುವುದು. ಸ್ಪಿಂಡಲ್ (ಬಿಟ್ ಹಿಡಿದು ತಿರುಗುವ ದಂಡ) ಮೇಲಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ, ಹಾಗಾಗಿ ವೈಸ್‌ನ ಎಡ ತುದಿ ಹಿಂದಕ್ಕೆ ಹೋಗಲು ನೋಡುತ್ತದೆ. ಆ ತುದಿಯ ಹಿಂದೆ ಮೇಜಿನ ಟಿ-ಸ್ಲಾಟ್‌ನಲ್ಲಿ (ಬೋಲ್ಟ್ ಕೂರುವ ಸೀಳು) ಒಂದು ಬೋಲ್ಟ್ ಕಾಯಂ ನಿಲ್ಲಿಸಿದರೆ ಕ್ಲ್ಯಾಂಪ್ ಸಡಿಲವಾದರೂ ವೈಸ್ ಸುತ್ತುವುದಿಲ್ಲ. 10 ಮಿ.ಮೀ. ಬಿಟ್‌ಗೆ ಎಂ.ಎಸ್. (ಮೃದು ಉಕ್ಕು) ಮೇಲೆ 800 ಆರ್‌ಪಿಎಂ ಆಸುಪಾಸು ಸಾಕು. ವೇಗದ ಪಟ್ಟಿ ಬೆಲ್ಟ್ ಕವರ್‌ನ ಒಳಬದಿಯಲ್ಲಿ, ಬೆಲ್ಟ್ ಬದಲಿಸುವವರ ಕಣ್ಣಿಗೆ ಬೀಳುವಲ್ಲಿ ಇರಲಿ.

ತಿರುಗುವ ಮೆಷಿನ್ ಹತ್ತಿರ ಗ್ಲೌಸ್ ಇಲ್ಲ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಕಷ್ಟ ಬರುವುದು ಕೈಗೆ ಕಟ್ಟಿದ ದಾರದಲ್ಲಿ. ದೇವರ ದಾರ ಬಿಚ್ಚು ಎಂದರೆ ಮನೆಯಿಂದ ಮಾತು ಬರುತ್ತದೆ, ಬಿಡಲೂ ಆಗದು. ಬಿಚ್ಚಲು ಒಪ್ಪದವರು ಆ ದಿನ ಮಾರ್ಕಿಂಗ್, ಫೈಲಿಂಗ್ ಮಾಡಲಿ, ಮೆಷಿನ್ ಇಲ್ಲ. ಬೈಗುಳವಿಲ್ಲ, ಚರ್ಚೆಯೂ ಇಲ್ಲ. ಕೆಲವು ವಾರಗಳಲ್ಲಿ ಬಹುಪಾಲು ಜನ ತಾವೇ ಬಿಚ್ಚಿ ಜೇಬಿನಲ್ಲಿ ಇಟ್ಟುಕೊಂಡು ಬರುತ್ತಾರೆ. ದುಪಟ್ಟಾ ಏಪ್ರನ್ ಒಳಗೆ, ಜಡೆ ಟೋಪಿಯೊಳಗೆ. ಚಪ್ಪಲಿಯಲ್ಲಿ ಬರುವವರಿಗಾಗಿ ಪಾಸಾಗಿ ಹೋದವರು ಬಿಟ್ಟುಹೋದ ಸೇಫ್ಟಿ ಶೂಗಳ ಒಂದು ರ‍್ಯಾಕ್ ಇದೆ, 6ರಿಂದ 9ರವರೆಗೆ. ಬಡತನಕ್ಕೆ ದಂಡ ಹಾಕಿ ಶಿಸ್ತು ಕಲಿಸಲಾಗದು.

ನಿಲ್ಲಿಸುವ ಸೂಚನೆಗೆ ಸೀಟಿ ಸಾಲದು, ಇಪ್ಪತ್ತು ಅರಗಳ ಸದ್ದಿನಲ್ಲಿ ಮುಳುಗುತ್ತದೆ. ಲೈಟ್ ಆರಿಸುವುದು ಇನ್ನೂ ಕೆಟ್ಟದ್ದು, ಮೆಷಿನ್ ತಿರುಗುತ್ತಿರುವಾಗ ಕತ್ತಲೆ ಮಾಡಬಾರದು. ರೈಲು ಹಳಿಯ ತುಂಡೊಂದನ್ನು ನೇತುಹಾಕಿದ್ದೇನೆ. ಮೂರು ಏಟು ಬಿದ್ದರೆ ಮೆಷಿನ್ ಆಫ್, ಕೈ ಖಾಲಿ, ಒಂದು ಹೆಜ್ಜೆ ಹಿಂದೆ, ಮುಖ ಗಂಟೆಯ ಕಡೆ. ಮೊದಲ ತಿಂಗಳು ಹೇಳದೆ ಕೇಳದೆ ಬಾರಿಸುತ್ತೇನೆ. ಅರ್ಧ ನಿಮಿಷ ಹಿಡಿಯುತ್ತಿದ್ದದ್ದು ಐದಾರು ಸೆಕೆಂಡಿಗೆ ಬಂದಿದೆ.

ತಪ್ಪಿದ ಅಪಾಯಗಳ ಪುಸ್ತಕ ಬಹಳ ಕಾಲ ಖಾಲಿಯೇ ಇತ್ತು, ಬರೆದರೆ ಶಿಕ್ಷೆ ಎಂಬ ಭಯ. ಹೆಸರು ಬೇಡ, ಚಿತ್ರ ಮತ್ತು ವೇಳೆ ಸಾಕು ಎಂದ ಮೇಲೆ ತುಂಬತೊಡಗಿತು. ಅದರಲ್ಲಿ ಕಂಡದ್ದು ನನ್ನ ಟೈಮ್ ಟೇಬಲ್ಲನ್ನೇ ಬದಲಿಸಿತು: ಬಹುಪಾಲು ಘಟನೆಗಳು ಬಿಡುವ ಮುಂಚಿನ ಮುಕ್ಕಾಲು ಗಂಟೆಯವು. ಜಾಬ್ ಇವತ್ತೇ ಮುಗಿಸುವ ಅವಸರದಲ್ಲಿ ಕ್ಲ್ಯಾಂಪ್ ಅರ್ಧ ಬಿಗಿ, ಕನ್ನಡಕ ಹಣೆಯ ಮೇಲೆ. ಆದ್ದರಿಂದ ಕೊನೆಯ ನಲವತ್ತು ನಿಮಿಷದಲ್ಲಿ ಹೊಸ ಸೆಟಿಂಗ್ (ಜಾಬನ್ನು ಮೆಷಿನ್‌ಗೆ ಕೂರಿಸುವುದು) ಇಲ್ಲ, ಗ್ರೈಂಡರ್ ಬೀಗ ತೆಗೆಯುವುದಿಲ್ಲ. ಆ ಹೊತ್ತು ಅಳತೆ, ಡೀಬರಿಂಗ್ (ಅಂಚಿನ ಚೂಪು ತೆಗೆಯುವುದು), ರೆಕಾರ್ಡ್ ಬರೆಯುವುದು, ಆಮೇಲೆ ಮುಚ್ಚುವ ಕೆಲಸ. ಸಹೋದ್ಯೋಗಿಗಳು ಇದಕ್ಕೇ ಹೆಚ್ಚು ತಕರಾರು ತೆಗೆದಿದ್ದು, ಆಮೇಲೆ ಅಕ್ಕಪಕ್ಕದ ಸೆಕ್ಷನ್‌ನವರು ಮೊದಲು ನಕಲು ಮಾಡಿದ್ದೂ ಇದನ್ನೇ.

ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ ಹದಿನೈದು ಸಾವಿರದ ಒಳಗೆ. ಪ್ಲೈವುಡ್ಡು, ಬಣ್ಣ ನಾಲ್ಕು ಸಾವಿರ, ಕನ್ನಡಕಗಳು ಒಂದೂವರೆ ಸಾವಿರ, 30 ಮಿಲಿಆಂಪ್‌ನ ಆರ್‌ಸಿಸಿಬಿಗೆ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಮೂರು ಸಾವಿರ, ಉಳಿದದ್ದು ಸ್ವಿಚ್, ಬೀಗ, ಶೂ ರ‍್ಯಾಕ್. ಈಗ ನಡೆಯುತ್ತಿರುವ ಪ್ರಯೋಗ ವೈಸ್ ಎತ್ತರದ್ದು. ದವಡೆ ಮೊಣಕೈ ಮಟ್ಟಕ್ಕೆ ಬರಬೇಕು, ಬೆಂಚು ಮಾತ್ರ ಎಲ್ಲರಿಗೂ ಒಂದೇ. ಕುಳ್ಳಗಿನವರಿಗೆ 4 ಮತ್ತು 6 ಇಂಚಿನ ಹಲಗೆ ಮಣೆ ಮಾಡಿಸಿದ್ದೇನೆ. ಫೈಲಿಂಗ್ ಮಟ್ಟಸ ಬರುತ್ತಿದೆ, ಆದರೆ ಚಿಪ್ಸ್ ಮೇಲೆ ಮಣೆ ಜಾರುತ್ತದೆ. ಅಡಿಗೆ ಹಳೆಯ ಟೈರಿನ ರಬ್ಬರ್ ಹೊಡೆಸಿ ನೋಡುತ್ತಿದ್ದೇನೆ.