ವಿಪಿಎನ್ ಆನ್ ಇದ್ದಾಗಲೂ ಮನೆಯ ಪ್ರಿಂಟರ್, ನ್ಯಾಸ್ ಸಿಗುವಂತೆ ಮಾಡುವುದು ಹೇಗೆ?

ವಿಪಿಎನ್ ಆನ್ ಮಾಡಿದ ಕೂಡಲೇ ಪ್ರಿಂಟರ್ ಆಫ್‌ಲೈನ್ ಅನ್ನುತ್ತದೆ, ನ್ಯಾಸ್‌ನ (ಮನೆಯ ನೆಟ್‌ವರ್ಕ್‌ನಲ್ಲಿ ಫೈಲ್ ಇಡುವ ಪೆಟ್ಟಿಗೆ) ಫೋಲ್ಡರ್ ತೆರೆಯುವುದಿಲ್ಲ, ಟಿವಿಗೆ ಕಾಸ್ಟ್ ಮಾಡುವ ಗುರುತು ಮಾಯವಾಗುತ್ತದೆ. ಎಷ್ಟೋ ಸಲ ಒಂದು ಟಿಕ್ ಹಾಕಿದರೆ ಅಥವಾ ತೆಗೆದರೆ ಸಾಕು. ಯಾವ ಟಿಕ್ ಅನ್ನುವುದು ತಡೆ ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ಸಿಕ್ಕ ಸಿಕ್ಕ ಸೆಟ್ಟಿಂಗ್ ಬದಲಿಸುವ ಮೊದಲು ಅದನ್ನು ಪತ್ತೆ ಮಾಡಿಕೊಳ್ಳಿ.

ಮೊದಲು ತಡೆ ಎಲ್ಲಿದೆ ನೋಡಿ

ವಿಪಿಎನ್ ಆಫ್ ಇರುವಾಗಲೇ ರೂಟರ್‌ನ ಮತ್ತು ಪ್ರಿಂಟರ್‌ನ ಐಪಿ ವಿಳಾಸ ಬರೆದಿಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ ಕಮಾಂಡ್ ಕೊಟ್ಟರೆ ಡೀಫಾಲ್ಟ್ ಗೇಟ್‌ವೇ ಸಾಲಿನಲ್ಲಿ ರೂಟರ್ ವಿಳಾಸ ಕಾಣುತ್ತದೆ. ಜಿಯೋಫೈಬರ್ ಆದರೆ ಸಾಮಾನ್ಯವಾಗಿ 192.168.29.1, ಬೇರೆ ರೂಟರ್‌ಗಳಲ್ಲಿ ಹೆಚ್ಚಾಗಿ 192.168.0.1 ಅಥವಾ 192.168.1.1. ಪ್ರಿಂಟರ್ ವಿಳಾಸ ಅದರ ಪರದೆಯಲ್ಲೋ ರೂಟರ್‌ನ ಡಿವೈಸ್ ಪಟ್ಟಿಯಲ್ಲೋ ಸಿಗುತ್ತದೆ. ವಿಪಿಎನ್ ಆಫ್ ಇದ್ದಾಗಲೂ ಪ್ರಿಂಟರ್ ಸಿಗದಿದ್ದರೆ ತಪ್ಪು ವಿಪಿಎನ್‌ನದ್ದಲ್ಲ. ನೀವು ಗೆಸ್ಟ್ ವೈಫೈನಲ್ಲಿರಬಹುದು, ಅಥವಾ ರೂಟರ್‌ನಲ್ಲಿ ಎಪಿ ಐಸೊಲೇಷನ್ (ವೈಫೈ ಸಾಧನಗಳು ಒಂದನ್ನೊಂದು ಕಾಣದಂತೆ ಮಾಡುವ ಆಯ್ಕೆ) ಆನ್ ಇರಬಹುದು.

ಈಗ ವಿಪಿಎನ್ ಆನ್ ಮಾಡಿ ಎರಡೂ ವಿಳಾಸಗಳಿಗೆ ಪಿಂಗ್ (ಆ ಸಾಧನ ಉತ್ತರಿಸುತ್ತದೆಯೇ ಎಂದು ನೋಡುವ ಕಮಾಂಡ್) ಕೊಡಿ. ಮನೆಯ ಇನ್ನೊಂದು ವಿಂಡೋಸ್ ಕಂಪ್ಯೂಟರ್‌ಗೆ ಪಿಂಗ್ ಮಾಡಿ ತೀರ್ಮಾನಕ್ಕೆ ಬರಬೇಡಿ. ಅದರ ಫೈರ್‌ವಾಲ್ ಪಿಂಗ್‌ಗೆ ಉತ್ತರವನ್ನೇ ಕೊಡದಿರಬಹುದು.

ಉತ್ತರ ಬಂದರೆ ದಾರಿ ಸರಿ ಇದೆ. ಕೆಟ್ಟಿರುವುದು ಹೆಸರು ಹುಡುಕುವ ಕೆಲಸ ಮಾತ್ರ. ವಿಂಡೋಸ್ 'ಜನರಲ್ ಫೇಲ್ಯೂರ್' ಅಂದರೆ, ಅಥವಾ ಲಿನಕ್ಸ್ 'ಆಪರೇಷನ್ ನಾಟ್ ಪರ್ಮಿಟೆಡ್' ಅಂದರೆ, ಪ್ಯಾಕೆಟ್ (ಕಳಿಸಿದ ಡೇಟಾದ ತುಣುಕು) ನಿಮ್ಮ ಯಂತ್ರದಿಂದ ಹೊರಗೇ ಹೋಗಿಲ್ಲ. ವಿಪಿಎನ್ ಆ್ಯಪ್‌ನ ಕಿಲ್ ಸ್ವಿಚ್ (ವಿಪಿಎನ್ ಬಿಟ್ಟು ಏನೂ ಹೊರಹೋಗದಂತೆ ತಡೆಯುವ ಏರ್ಪಾಡು) ಅದನ್ನು ತಡೆದಿದೆ. 'ರಿಕ್ವೆಸ್ಟ್ ಟೈಮ್ಡ್ ಔಟ್' ಬಂದರೆ ಪ್ಯಾಕೆಟ್ ಸುರಂಗದೊಳಗೆ, ಅಂದರೆ ವಿಪಿಎನ್ ಸರ್ವರ್‌ವರೆಗಿನ ಗುಪ್ತ ದಾರಿಯೊಳಗೆ, ಹೋಗಿ ಆ ಕಡೆ ಕಳೆದುಹೋಗುತ್ತಿರುವ ಸಾಧ್ಯತೆ ಹೆಚ್ಚು. ಖಚಿತಪಡಿಸಿಕೊಳ್ಳಲು ವಿಂಡೋಸ್‌ನಲ್ಲಿ 'ರೂಟ್ ಪ್ರಿಂಟ್' ಕೊಡಿ; ಲಿನಕ್ಸ್‌ನಲ್ಲಿ 'ಐಪಿ ರೂಟ್ ಗೆಟ್' ಬರೆದು ಪಕ್ಕದಲ್ಲಿ ಪ್ರಿಂಟರ್ ವಿಳಾಸ ಕೊಡಿ. ದಾರಿ ವೈಫೈ ಮೂಲಕ ಇದೆಯೋ ಸುರಂಗದ ಮೂಲಕವೋ ಅಲ್ಲೇ ಗೊತ್ತಾಗುತ್ತದೆ.

ರೂಟಿಂಗ್‌ನ ನಿಯಮ ಸರಳ: ಹೆಚ್ಚು ನಿರ್ದಿಷ್ಟವಾದ ದಾರಿಯೇ ಗೆಲ್ಲುತ್ತದೆ. ಓರೆಗೆರೆಯ ನಂತರದ ಸಂಖ್ಯೆ ದೊಡ್ಡದಾದಷ್ಟೂ ವಿಳಾಸಗಳ ವಲಯ ಕಿರಿದು. ವಿಪಿಎನ್ 0.0.0.0/0 ಎಂದು ಇಡೀ ಇಂಟರ್ನೆಟ್ಟನ್ನೇ ತನ್ನತ್ತ ಎಳೆದುಕೊಂಡರೂ ಮನೆಯ 192.168.1.0/24 ಅದಕ್ಕಿಂತ ಕಿರಿದು, ಹಾಗಾಗಿ ಪ್ರಿಂಟರ್ ಕಡೆಯ ಪ್ಯಾಕೆಟ್ ವೈಫೈ ಮೂಲಕವೇ ಹೋಗಬೇಕು. ಓಪನ್‌ವಿಪಿಎನ್ 'ಡೆಫ್1' ಆಯ್ಕೆಯಲ್ಲಿ 0.0.0.0/1 ಮತ್ತು 128.0.0.0/1 ಎಂದು ಎರಡು ಅರ್ಧಗಳನ್ನು ಸೇರಿಸುತ್ತದೆ. ಅವೂ ಮನೆಯ ದಾರಿಯನ್ನು ಮೀರುವುದಿಲ್ಲ. ಅಂದರೆ ಪೂರ್ತಿ ಸುರಂಗವಿದ್ದರೂ ಮನೆಯ ನೆಟ್‌ವರ್ಕ್ ಸಿಗುವುದೇ ಸಹಜ. ಸಿಗದಿದ್ದರೆ ಬಹುಪಾಲು ಯಾರೋ ಬೇಕೆಂದೇ ತಡೆದಿದ್ದಾರೆ.

ತಡೆ ಬಿಡಿಸುವುದು

ಹಣ ಕೊಟ್ಟು ಬಳಸುವ ವಿಪಿಎನ್ ಆ್ಯಪ್‌ಗಳಲ್ಲಿ ಇದಕ್ಕೆಂದೇ ಸ್ವಿಚ್ ಇರುತ್ತದೆ. ಮುಲ್‌ವಾಡ್‌ನಲ್ಲಿ 'ಲೋಕಲ್ ನೆಟ್‌ವರ್ಕ್ ಶೇರಿಂಗ್', ಪ್ರೋಟಾನ್‌ನಲ್ಲಿ 'ಅಲೌ ಲ್ಯಾನ್ ಕನೆಕ್ಷನ್ಸ್'. ಟೇಲ್‌ಸ್ಕೇಲ್‌ನಲ್ಲಿ ಎಕ್ಸಿಟ್ ನೋಡ್ (ನಿಮ್ಮ ಇಂಟರ್ನೆಟ್ ಓಡಾಟ ಹೊರಬೀಳುವ ಯಂತ್ರ) ಆಯ್ಕೆ ಮಾಡುವ ಜಾಗದಲ್ಲೇ 'ಅಲೌ ಲೋಕಲ್ ನೆಟ್‌ವರ್ಕ್ ಆ್ಯಕ್ಸೆಸ್' ಇದೆ. ಸ್ವಿಚ್ ಬದಲಿಸಿದ ಮೇಲೆ ಒಮ್ಮೆ ಡಿಸ್‌ಕನೆಕ್ಟ್ ಮಾಡಿ ಮತ್ತೆ ಕನೆಕ್ಟ್ ಮಾಡಿ. ಇಷ್ಟಕ್ಕಾಗಿ ಕಿಲ್ ಸ್ವಿಚ್ಚನ್ನೇ ಆಫ್ ಮಾಡಬೇಕಿಲ್ಲ.

ವೈರ್‌ಗಾರ್ಡ್ ಎಂಬ ವಿಪಿಎನ್‌ನಲ್ಲಿ ಸ್ವಲ್ಪ ಹೆಚ್ಚು ಗಮನ ಬೇಕು. ವಿಂಡೋಸ್ ಆ್ಯಪ್‌ನಲ್ಲಿ ಟನೆಲ್ ಎಡಿಟ್ ಮಾಡುವಾಗ ಕೆಳಗೆ 'ಬ್ಲಾಕ್ ಅನ್‌ಟನೆಲ್ಡ್ ಟ್ರಾಫಿಕ್' ಎಂಬ ಟಿಕ್ ಕಾಣುತ್ತದೆ. ಅದನ್ನು ತೆಗೆದರೆ 'ಅಲೌಡ್ ಐಪೀಸ್' (ಸುರಂಗದೊಳಗೆ ಹೋಗಬೇಕಾದ ವಿಳಾಸಗಳ ಪಟ್ಟಿ) ಸಾಲಿನ 0.0.0.0/0 ತಾನಾಗಿಯೇ ಮೇಲೆ ಹೇಳಿದ ಎರಡು ಅರ್ಧಗಳಾಗುತ್ತದೆ, ಮನೆಯ ನೆಟ್‌ವರ್ಕ್ ಬಿಡುಗಡೆಯಾಗುತ್ತದೆ. ಆಂಡ್ರಾಯ್ಡ್ ಮತ್ತು ಐಫೋನ್ ಆ್ಯಪ್‌ಗಳಲ್ಲಿ 'ಎಕ್ಸ್‌ಕ್ಲೂಡ್ ಪ್ರೈವೇಟ್ ಐಪೀಸ್' ಎಂಬ ಆಯ್ಕೆ ಇದೆ. ಅದು 10.0.0.0/8, 172.16.0.0/12, 192.168.0.0/16 ಈ ಮೂರೂ ಖಾಸಗಿ ವಲಯಗಳನ್ನು ಸುರಂಗದಿಂದ ಹೊರಗಿಡುತ್ತದೆ. ಸುರಂಗದ ಆಚೆ 10.20.0.0/16ರಲ್ಲಿ ಆಫೀಸ್ ಸರ್ವರ್ ಇದ್ದರೆ ಅದೂ ಹೊರಗುಳಿಯುತ್ತದೆ, ಹಾಗಾಗಿ ಆ ವಲಯವನ್ನು ಪಟ್ಟಿಗೆ ಕೈಯಾರೆ ಸೇರಿಸಬೇಕು.

ಲಿನಕ್ಸ್‌ನಲ್ಲಿ ವೈರ್‌ಗಾರ್ಡ್ ಶುರು ಮಾಡುವ ಡಬ್ಲ್ಯುಜಿ-ಕ್ವಿಕ್ ಕಮಾಂಡ್ ಮನೆಯ ದಾರಿಯನ್ನು ತಾನಾಗಿಯೇ ಉಳಿಸುತ್ತದೆ. ಆದರೆ ಅದರ ಕೈಪಿಡಿಯಲ್ಲಿರುವ ಕಿಲ್ ಸ್ವಿಚ್ ಐಪಿಟೇಬಲ್ಸ್ (ಲಿನಕ್ಸ್‌ನ ಫೈರ್‌ವಾಲ್) ಸಾಲನ್ನು ಕಾಪಿ ಮಾಡಿ ಹಾಕಿದ್ದರೆ ಪ್ರಿಂಟರ್ ಕೈಬಿಡುತ್ತದೆ. ಆ ಸಾಲಿನಲ್ಲಿ 'ಲೋಕಲ್'ಗೆ ವಿನಾಯಿತಿ ಇದೆಯಲ್ಲ ಎಂದು ಅನಿಸಬಹುದು. ಅಲ್ಲಿ ಲೋಕಲ್ ಅಂದರೆ ಯಂತ್ರದ ಸ್ವಂತ ವಿಳಾಸಗಳು, ಮನೆಯ ನೆಟ್‌ವರ್ಕ್ ಅಲ್ಲ. 192.168.1.0/24ಗೆ ಹೋಗುವುದನ್ನು ಬಿಡುವ ಸಾಲೊಂದು ಅದಕ್ಕಿಂತ ಮೇಲೆ ಇರಬೇಕು.

ವಿಂಡೋಸ್‌ನ ಸ್ವಂತ ವಿಪಿಎನ್‌ನಲ್ಲಿ 'ಯೂಸ್ ಡೀಫಾಲ್ಟ್ ಗೇಟ್‌ವೇ ಆನ್ ರಿಮೋಟ್ ನೆಟ್‌ವರ್ಕ್' ಟಿಕ್ ತೆಗೆಯಿರಿ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಬರೀ ಪ್ರಿಂಟರ್‌ಗಾಗಿ ಅದು ಅತಿಯಾಯಿತು: ನಿಮ್ಮ ಇಂಟರ್ನೆಟ್ ಓಡಾಟವೆಲ್ಲ ವಿಪಿಎನ್‌ನಿಂದ ಹೊರಗೆ ಬರುತ್ತದೆ.

ಆಂಡ್ರಾಯ್ಡ್‌ನಲ್ಲಿ ಯಾವ ಆಯ್ಕೆಯೂ ಫಲಿಸದಿದ್ದರೆ ಫೋನಿನ ವಿಪಿಎನ್ ಸೆಟ್ಟಿಂಗ್‌ನಲ್ಲಿ 'ಬ್ಲಾಕ್ ಕನೆಕ್ಷನ್ಸ್ ವಿದೌಟ್ ವಿಪಿಎನ್' ಆನ್ ಇದೆಯೇ ನೋಡಿ. ಐಒಎಸ್ 14ರಿಂದ, ಮ್ಯಾಕ್‌ಒಎಸ್ 15ರಿಂದ ಪ್ರತಿ ಆ್ಯಪ್‌ಗೂ ಲೋಕಲ್ ನೆಟ್‌ವರ್ಕ್ ಅನುಮತಿ ಪ್ರತ್ಯೇಕವಾಗಿ ಕೊಡಬೇಕು. ಒಮ್ಮೆ ಬೇಡವೆಂದು ಒತ್ತಿ ಮರೆತಿದ್ದರೆ ದೂರು ವಿಪಿಎನ್ ಮೇಲೆ ಬೀಳುತ್ತದೆ.

ಆಫೀಸಿನ ವಿಪಿಎನ್ ಆದರೆ

ಸಿಸ್ಕೊ ಎನಿಕನೆಕ್ಟ್‌ನಲ್ಲಿ (ಈಗಿನ ಹೆಸರು ಸಿಸ್ಕೊ ಸೆಕ್ಯೂರ್ ಕ್ಲೈಂಟ್) 'ಅಲೌ ಲೋಕಲ್ ಲ್ಯಾನ್ ಆ್ಯಕ್ಸೆಸ್' ಟಿಕ್ ಇದೆ, ಆದರೆ ಸರ್ವರ್ ಕಡೆ ಅನುಮತಿ ಕೊಟ್ಟಿದ್ದರೆ ಮಾತ್ರ ಅದಕ್ಕೆ ಬೆಲೆ. ರೂಟಿಂಗ್ ಟೇಬಲ್ ನೀವೇ ತಿದ್ದಿದರೆ ಕ್ಲೈಂಟ್ ಅದನ್ನು ಗಮನಿಸಿ ಹಿಂದಿನಂತೆ ಮಾಡಿಬಿಡುತ್ತದೆ. ಐಟಿಯವರನ್ನು ಕೇಳುವುದೇ ದಾರಿ. ಅವರು ಒಪ್ಪದಿದ್ದರೆ ಪ್ರಿಂಟರ್‌ಗೆ ಯುಎಸ್‌ಬಿ ಕೇಬಲ್ ಹಾಕಿ. ಯುಎಸ್‌ಬಿ ರೂಟಿಂಗ್‌ನ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ತೊಡಕು ವಿಳಾಸಗಳ ಡಿಕ್ಕಿ. ಮನೆಯಲ್ಲೂ 192.168.1.0/24, ಆಫೀಸಿನಲ್ಲೂ ಅದೇ ಇದ್ದರೆ ಯಂತ್ರ ಎರಡರಲ್ಲಿ ಒಂದನ್ನು ಮಾತ್ರ ತಲುಪುತ್ತದೆ. ಇದಕ್ಕೆ ಟಿಕ್ ಮಾರ್ಕಿನ ಪರಿಹಾರವಿಲ್ಲ. ರೂಟರ್‌ನ ಲ್ಯಾನ್ ಪುಟದಲ್ಲಿ ಮನೆಯ ವಿಳಾಸವನ್ನು 192.168.73.1 ಮಾಡಿ, ಮಾಸ್ಕ್ 255.255.255.0, ಡಿಎಚ್‌ಸಿಪಿ (ಸಾಧನಗಳಿಗೆ ರೂಟರ್ ತಾನಾಗಿಯೇ ಹಂಚುವ ವಿಳಾಸಗಳು) 192.168.73.100ರಿಂದ 199ರ ತನಕ. 10ರಿಂದ ಶುರುವಾಗುವುದು ಬೇಡ, ಆಫೀಸುಗಳು ಅದನ್ನೇ ಹೆಚ್ಚು ಬಳಸುತ್ತವೆ; 172.17 ಡಾಕರ್ ಎಂಬ ತಂತ್ರಾಂಶ ಬಳಸುವ ವಲಯ. ಸ್ಥಿರ ಐಪಿ ಕೊಟ್ಟ ಕ್ಯಾಮೆರಾ, ನ್ಯಾಸ್‌ಗಳ ವಿಳಾಸ ರೂಟರ್‌ಗಿಂತ ಮೊದಲೇ ಬದಲಿಸಿ. ಇಲ್ಲದಿದ್ದರೆ ಅವು ಹಳೆಯ ವಿಳಾಸದಲ್ಲೇ ಉಳಿದು ಸಂಪರ್ಕಕ್ಕೆ ಸಿಗುವುದಿಲ್ಲ.

ಪಿಂಗ್ ಬರುತ್ತದೆ, ಆದರೂ ಕಾಣುವುದಿಲ್ಲ

ಪ್ರಿಂಟರ್ ಮತ್ತು ಟಿವಿಗಳು ತಮ್ಮ ಇರುವಿಕೆಯನ್ನು ಮಲ್ಟಿಕಾಸ್ಟ್‌ನಲ್ಲಿ (ನೆಟ್‌ವರ್ಕ್‌ನ ಎಲ್ಲರಿಗೂ ಒಮ್ಮೆಲೇ ಕೇಳುವಂತೆ) ಸಾರುತ್ತವೆ: ಎಂಡಿಎನ್‌ಎಸ್ 224.0.0.251, ಪೋರ್ಟ್ 5353, ಎಸ್‌ಎಸ್‌ಡಿಪಿ 239.255.255.250, ಪೋರ್ಟ್ 1900. ವಿಪಿಎನ್ ಇವನ್ನು ತಡೆದರೆ ಸಾಧನ ಪಟ್ಟಿಯಲ್ಲಿ ಬರುವುದಿಲ್ಲ. ರೂಟರ್‌ನಲ್ಲಿ ಪ್ರಿಂಟರ್‌ಗೆ ಡಿಎಚ್‌ಸಿಪಿ ರಿಸರ್ವೇಷನ್ ಮಾಡಿ (ಆಗ ಅದಕ್ಕೆ ಯಾವಾಗಲೂ ಒಂದೇ ವಿಳಾಸ ಸಿಗುತ್ತದೆ), ಕಂಪ್ಯೂಟರ್‌ನಲ್ಲಿ ಐಪಿ ವಿಳಾಸ ಕೊಟ್ಟೇ ಪ್ರಿಂಟರ್ ಸೇರಿಸಿ. ಪೋರ್ಟ್ 9100 ಬಹುತೇಕ ಪ್ರಿಂಟರ್‌ಗಳಿಗೆ ಸರಿಹೋಗುತ್ತದೆ. ನ್ಯಾಸ್‌ಗೂ ಹೆಸರಿನ ಬದಲು ವಿಳಾಸ ಕೊಡಿ. ವಿಪಿಎನ್‌ನ ಡಿಎನ್‌ಎಸ್ ಸರ್ವರ್‌ಗೆ ನಿಮ್ಮ ಮನೆಯ ನ್ಯಾಸ್‌ನ ಹೆಸರು ಗೊತ್ತಿರುವುದಿಲ್ಲ. ಹೆಸರೇ ಬೇಕಿದ್ದರೆ ಹೋಸ್ಟ್ಸ್ ಫೈಲಿನಲ್ಲಿ (ಕಂಪ್ಯೂಟರ್‌ನಲ್ಲೇ ಇರುವ ಹೆಸರು-ವಿಳಾಸಗಳ ಪಟ್ಟಿ) ಒಂದು ಸಾಲು ಬರೆಯಿರಿ. ಕಾಸ್ಟ್‌ಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ವಿಪಿಎನ್ ಆ್ಯಪ್‌ನ ಸ್ಪ್ಲಿಟ್ ಟನೆಲಿಂಗ್ ಆಯ್ಕೆಯಲ್ಲಿ ಕಾಸ್ಟ್ ಮಾಡುವ ಆ್ಯಪ್ ಅನ್ನು ವಿಪಿಎನ್‌ನಿಂದ ಹೊರಗಿಟ್ಟು ನೋಡಬೇಕು.

ಹೋಟೆಲ್, ರೈಲು ನಿಲ್ದಾಣ, ಕೆಫೆ ವೈಫೈನಲ್ಲಿ ಈ ಅನುಮತಿಗಳನ್ನು ಆಫ್ ಮಾಡಿ. 2023ರಲ್ಲಿ ಬಯಲಾದ ಟನೆಲ್‌ಕ್ರ್ಯಾಕ್ ದಾಳಿಗಳಲ್ಲಿ ಒಂದು ಇದೇ ಸಡಿಲಿಕೆಯನ್ನು ಬಳಸಿಕೊಳ್ಳುತ್ತದೆ: ಕಳ್ಳ ವೈಫೈ ಸಾರ್ವಜನಿಕ ವಿಳಾಸಗಳನ್ನೇ ಸ್ಥಳೀಯ ನೆಟ್‌ವರ್ಕ್ ಎಂದು ತೋರಿಸುತ್ತದೆ, ಅಲ್ಲಿಗೆ ಹೋಗುವ ಪ್ಯಾಕೆಟ್ ಸುರಂಗ ಬಿಟ್ಟು ಹೊರಬರುತ್ತದೆ. ಬರೀ ಖಾಸಗಿ ವಲಯಗಳಿಗಷ್ಟೇ ವಿನಾಯಿತಿ ಕೊಡುವ ಆ್ಯಪ್ ಇದಕ್ಕೆ ಬೀಳುವುದಿಲ್ಲ. ಮನೆಯಲ್ಲಿ ಎಲ್ಲ ಮುಗಿದ ಮೇಲೆ ಬ್ರೌಸರ್‌ನಲ್ಲಿ ನಿಮ್ಮ ಸಾರ್ವಜನಿಕ ಐಪಿ ತೋರಿಸುವ ತಾಣವೊಂದನ್ನು ತೆರೆದು, ಐಪಿವಿ4 ಮತ್ತು ಐಪಿವಿ6 ಎರಡೂ ವಿಪಿಎನ್‌ನದ್ದೇ ಆಗಿವೆಯೇ ನೋಡಿ. ಐಪಿವಿ6 ನಿಮ್ಮ ಇಂಟರ್ನೆಟ್ ಕಂಪನಿಯದ್ದೇ ಕಂಡರೆ ವೈರ್‌ಗಾರ್ಡ್‌ನ 'ಅಲೌಡ್ ಐಪೀಸ್' ಸಾಲಿನಲ್ಲಿ ::/0 (ಇಡೀ ಐಪಿವಿ6) ಬಿಟ್ಟುಹೋಗಿದೆಯೇ ಎಂದು ಮೊದಲು ಪರೀಕ್ಷಿಸಿ. ವಿಂಡೋಸ್‌ನಲ್ಲಿ 'ಬ್ಲಾಕ್ ಅನ್‌ಟನೆಲ್ಡ್ ಟ್ರಾಫಿಕ್' ಟಿಕ್ ತೆಗೆದಿದ್ದರೆ ಅದರ ಜಾಗದಲ್ಲಿ ::/1 ಮತ್ತು 8000::/1 ಇರಬೇಕು.