ಗೆರೆ ಎಳೆದೇ ತೋರಿಸಿದೆ

ನಮ್ಮ ಭಾಗದ ಊರು, ಶಾಸನ, ಗ್ರಂಥಗಳ ಬಗ್ಗೆ ಸುಮಾರು 600 ವೆಬ್ ಪುಟ ಬರೆದಿಟ್ಟಿದ್ದೆ. ಮರತೂರಿನ ಪುಟ ತೆರೆದವರಿಗೆ ಅಲ್ಲಿಂದ ವಿಜ್ಞಾನೇಶ್ವರ, ಅವರು ಬರೆದ ಧರ್ಮಶಾಸ್ತ್ರ ಗ್ರಂಥ ಮಿತಾಕ್ಷರ, ಬಸವಕಲ್ಯಾಣ ಅಂತ ಪುಟದಿಂದ ಪುಟಕ್ಕೆ ಹೋಗುವ ದಾರಿ ಗೆರೆಯಾಗಿ ಕಣ್ಣಿಗೇ ಕಾಣಬೇಕು ಅನ್ನೋದು ನನ್ನ ಹಟ. ನೀಲಿ ಅಕ್ಷರದ ಲಿಂಕು ಇದೆಯಲ್ವಾ, ಗೆರೆ ಯಾಕೆ ಅಂತ ಕಲಬುರಗಿಯ ಗೆಳೆಯರು ನಕ್ಕರು.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಡಿತ್ರೀ (D3) ಅನ್ನೋ ಚಿತ್ರ ಬಿಡಿಸುವ ಕೋಡ್ ಲೈಬ್ರರಿ ಹಾಕಿ, ಪುಟಕ್ಕೊಂದು ಚುಕ್ಕಿ, ಲಿಂಕಿಗೊಂದು ಗೆರೆ ಅಂತ ಅಷ್ಟೂ ಪುಟಗಳನ್ನು ಒಂದೇ ಗ್ರಾಫಿಗೆ ಸುರಿದೆ. ಶಾವಿಗೆ ಒಣಹಾಕಿದ ಹಾಗೆ ಕಂಡಿತು. ಬಸವಕಲ್ಯಾಣದ ಚುಕ್ಕಿಗೆ ಬಂದ ಗೆರೆಗಳಲ್ಲಿ ಅದರ ಹೆಸರೇ ಮುಚ್ಚಿಹೋಯಿತು. ತಂಗಿಯ 7 ಸಾವಿರದ ಫೋನು ಅದನ್ನು ತೆರೆದು ಗಪ್ಪಂತ ನಿಂತುಬಿಟ್ಟಿತು. ಚೆಂದ ಮಾಡಿಕೊಡಿ ಅಂತ ಒಬ್ಬ ಡಿಸೈನರಿಗೆ 18 ಸಾವಿರವೋ ಏನೋ ಕೊಟ್ಟೆ. ಅವರು ಬಣ್ಣ ಬದಲಿಸಿದರು, ಅಷ್ಟೇ.

ಆಮೇಲೆ ಟೆಡ್ ನೆಲ್ಸನ್ ನೆನಪಾದರು. 1965ರಲ್ಲಿ ಹೈಪರ್‌ಟೆಕ್ಸ್ಟ್ (ಲಿಂಕುಗಳಿಂದ ಹೆಣೆದ ಬರಹ) ಅನ್ನೋ ಪದ ಕೊಟ್ಟವರೇ ಅವರು. ಎರಡು ಪುಟ ಅಕ್ಕಪಕ್ಕ, ನಡುವೆ ಕಾಣುವ ಗೆರೆ ಅನ್ನೋದು ಅವರ ಹಳೇ ಹಂಬಲ. ನಾನೂ ಹಾಗೇ ಎರಡು ಪುಟ ಇಟ್ಟು, ಮೇಲೆ ಎಸ್‌ವಿಜಿ (ಬ್ರೌಸರಿನಲ್ಲಿ ಗೆರೆ ಬಿಡಿಸುವ ಬಗೆ) ಪದರ ಹಾಸಿ, ಬೆರಳಿಟ್ಟ ಪದಕ್ಕೆ ಮಾತ್ರ ಗೆರೆ ಎಳೆದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಸರಿ. ಬೇರೆಯವರ ಹತ್ತಿರ ಗೆರೆ ಎರಡು ಸಾಲು ಮೇಲೆ ಹೋಗಿ ನಿಲ್ಲುತ್ತಿತ್ತು. ಎರಡು ವಾರ ತಲೆ ಕೆಟ್ಟಿತು. ಕೊನೆಗೆ ಗೊತ್ತಾಯಿತು, ನಾನು ಅಳತೆ ತೆಗೆದ ಮೇಲೆ ಕನ್ನಡ ಫಾಂಟು ಬಂದಿಳಿದು ಸಾಲುಗಳು ಬೇರೆ ಕಡೆ ಮುರಿಯುತ್ತಿದ್ದವು. ನನ್ನಲ್ಲಿ ಫಾಂಟು ಮೊದಲೇ ಇಳಿದು ಬ್ರೌಸರಿನ ಕ್ಯಾಶಿನಲ್ಲೇ ಇತ್ತು, ಹೇಗೆ ಕಂಡೀತು? ಈಗ ಬ್ರೌಸರು ಫಾಂಟ್ಸ್ ರೆಡಿ (document.fonts.ready) ಅನ್ನೋವರೆಗೆ ಕಾದು ಅಳೆಯುತ್ತೇನೆ. ಲಿಂಕು ಎರಡು ಸಾಲಿಗೆ ಹರಿದಿದ್ದರೆ ಬೌಂಡಿಂಗ್ ಬಾಕ್ಸ್, ಅಂದರೆ ಎರಡೂ ಸಾಲನ್ನು ಸುತ್ತುವ ಒಂದೇ ಚೌಕ, ನಂಬಬೇಡಿ. ಗೆರೆ ಖಾಲಿ ಜಾಗದಿಂದ ಹೊರಡುತ್ತದೆ. ಕ್ಲೈಂಟ್ ರೆಕ್ಟ್‌ಗಳಲ್ಲಿ, ಅಂದರೆ ಸಾಲಿಗೊಂದರಂತೆ ಸಿಗುವ ಚೌಕಗಳಲ್ಲಿ, ಕೊನೆಯದನ್ನು ಹಿಡಿಯಿರಿ.

ನಡುವೆ ಸುಮ್ನೆ ಒಂದು ಆಟ ಆಡಿದೆ. ಜಾಸ್ತಿ ಲಿಂಕಿದ್ದ ಪುಟಕ್ಕೆ ದಪ್ಪ ಗೆರೆ. ಅಮ್ಮ ನೋಡಿ, ಇದೇನು ರೈಲು ಹಳಿಯಾ ಅಂದರು. ತೆಗೆದೆ. ಆದರೆ ಈ ಪುಟಕ್ಕೆ ಎಲ್ಲಿಂದೆಲ್ಲ ದಾರಿ ಬರುತ್ತದೆ ಅಂತ ಬೂದು ಗೆರೆಯಲ್ಲಿ ತೋರಿಸಿದ್ದು ಉಳಿಯಿತು. ಮಳಖೇಡದ ಪುಟಕ್ಕೆ ಕವಿರಾಜಮಾರ್ಗದ ಕಡೆಯಿಂದ ಬರುವ ಗೆರೆ ನೋಡಿಯೇ ತಂಗಿ ಆ ಪುಟ ಓದಿದ್ದು.

ಫೋನಿನಲ್ಲಿ ಪುಟಗಳು ಮೇಲೆ ಕೆಳಗೆ, ಗೆರೆ ಅಂಚಿನಲ್ಲಿ ಇಳಿಯುತ್ತದೆ. ನಾಲ್ಕೈದು ಗೆರೆ ಒಂದನ್ನೊಂದು ದಾಟದ ಹಾಗೆ ಹೇಗೆ ಮಾಡಿದೆ ಅನ್ನೋದನ್ನು ಮಾತ್ರ ಹೇಳಲ್ಲ. ಒಟ್ಟು 40 ಸಾವಿರದ ಹತ್ತಿರ ಹೋಗಿದೆ. ನಕ್ಕವರಲ್ಲಿ ಒಬ್ಬ ಮೊನ್ನೆ ಕೋಡ್ ಕೇಳಿದ. ಅರ್ಧ ಕೊಟ್ಟೆ.