ಮೊಟ್ಟೆ ಗೂಡಿಗೆ ನಾನು ಹಾಕುವ ಹಾಸು

ಹೇಂಟೆ ಮೊಟ್ಟೆ ಇಟ್ಟ ಕ್ಷಣದಲ್ಲಿ ಆ ಮೊಟ್ಟೆ ಅದರ ಮೈಯಷ್ಟೇ ಬಿಸಿ, ಸುಮಾರು 41 ಡಿಗ್ರಿ. ಚಿಪ್ಪಿನ ಮೇಲೆ ತೆಳ್ಳಗಿನ ಲೋಳೆಯ ಪದರ ಇನ್ನೂ ಹಸಿಯಾಗಿರುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಒಣಗಿ, ಚಿಪ್ಪಿನಲ್ಲಿರುವ ಸಾವಿರಾರು ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಅದು ಒಣಗುವ ಮೊದಲೇ ಮೊಟ್ಟೆ ತಣಿಯತೊಡಗಿ ಒಳಗಿನ ದ್ರವ ಕುಗ್ಗಿ, ಹೊರಗಿನದು ಆ ರಂಧ್ರಗಳ ಮೂಲಕ ಒಳಕ್ಕೆ ಸೆಳೆಯಲ್ಪಡುತ್ತದೆ. ಆ ಹೊತ್ತಿನಲ್ಲಿ ಮೊಟ್ಟೆ ಹಸಿ ಹಿಕ್ಕೆಯ ಮೇಲೆ ಬಿದ್ದಿದ್ದರೆ ಒಳಗೆ ಹೋಗುವುದು ಬ್ಯಾಕ್ಟೀರಿಯಾ. ಹಾಗಾಗಿ ಹಾಸು ಆರಿಸುವಾಗ ನಾನು ಮೊದಲು ನೋಡುವುದು ಮೆತ್ತಗಿದೆಯೇ ಎಂದಲ್ಲ, ಒಣಗಿದೆಯೇ ಎಂದು. ಆಮೇಲೆ ಧೂಳು, ವಾಸನೆ, ಎಳೆಯ ಉದ್ದ.

ನನ್ನ ಪೆಟ್ಟಿಗೆಗಳು ಮೂರೂ ಕಡೆಯಿಂದ 12 ಇಂಚು, ನಾಲ್ಕು ಹೇಂಟೆಗೆ ಒಂದು. ಮುಂಭಾಗದಲ್ಲಿ 4 ಇಂಚು ಎತ್ತರದ ಪಟ್ಟಿ. ಈ ಪಟ್ಟಿ ಇಲ್ಲದಿದ್ದರೆ ಹಾಸು ಎಷ್ಟೇ ಒಳ್ಳೆಯದಾದರೂ ಕೋಳಿ ಕೆದರಿ ಸಂಜೆಯೊಳಗೆ ಹೊರಗೆ ಸುರಿದಿರುತ್ತದೆ. ತಳಕ್ಕೆ 2 ಇಂಚು ಮರದ ಸಿಪ್ಪೆ, ಮೇಲೆ 2 ಇಂಚು ಕತ್ತರಿಸಿದ ಒಣಹುಲ್ಲು. ಕೋಳಿ ಕೂತು ಒತ್ತಿದ ಮೇಲೂ ಮೊಟ್ಟೆಯ ಕೆಳಗೆ ಎರಡು ಇಂಚಿನಷ್ಟು ಉಳಿಯಬೇಕು, ಇಲ್ಲವಾದರೆ ಹಲಗೆಗೆ ತಾಗಿ ಬಿರುಕು ಬಿಡುತ್ತದೆ. ನಾಲ್ಕು ಮೂಲೆಗಳನ್ನು ಬೇರೆಯಾಗಿ ಕೈಯಿಂದ ಒತ್ತಿ ತುಂಬುತ್ತೇನೆ. ಮೊಟ್ಟೆ ಉರುಳುವುದು ಅಲ್ಲಿಗೇ, ತಳ ಬರಿದಾಗುವುದೂ ಅಲ್ಲೇ.

ಮರದ ಸಿಪ್ಪೆ ಎಂದರೆ ಹತ್ತರಿ ಹೊಡೆದಾಗ ಬರುವ ಸುರುಳಿ, ಗರಗಸದ ಹುಡಿ ಅಲ್ಲ. ಹುಡಿ ಕೋಳಿಯ ಉಸಿರಿನಲ್ಲಿ ಹೋಗುತ್ತದೆ, ಹಸಿ ಚಿಪ್ಪಿಗೆ ಮೆತ್ತಿಕೊಳ್ಳುತ್ತದೆ, ಎಳೆ ಹೇಂಟೆಗಳು ಅದನ್ನು ಮೇವೆಂದು ಕುಕ್ಕುವುದೂ ಉಂಟು. ಸಿಪ್ಪೆಯನ್ನು ಕಾಲಿಂಚು ಕಣ್ಣಿನ ಜಾಲರಿಯಲ್ಲಿ ಗಾಳಿ ಬೀಸುವ ಕಡೆ ನಿಂತು ಜರಡಿ ಹಿಡಿದು, ಕೆಳಗೆ ಬಿದ್ದದ್ದನ್ನು ಬಿಟ್ಟುಬಿಡುತ್ತೇನೆ. ಯಾವ ಮರ ಎಂದು ಕೇಳದೆ ತರಬೇಡಿ. ಸೀಡರ್‌ನಂಥ ಘಾಟು ವಾಸನೆಯ ಮರ ಬೇಡವೇ ಬೇಡ. ಅದರ ಎಣ್ಣೆ ಉಸಿರುನಾಳವನ್ನು ಕೆರಳಿಸುತ್ತದೆ; ವೆಸ್ಟರ್ನ್ ರೆಡ್ ಸೀಡರ್‌ನಲ್ಲಿರುವ ಪ್ಲಿಕ್ಯಾಟಿಕ್ ಆಮ್ಲ ಬಡಗಿಗಳಿಗೇ ಆಸ್ತಮಾ ತರುತ್ತದೆ. ಗೆದ್ದಲಿನ ಔಷಧಿ ಹೊಡೆದ ಮರ, ಬಣ್ಣ ಬಳಿದ ಮರ, ಪ್ಲೈವುಡ್, ಎಂಡಿಎಫ್‌ನ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಚೂರು ಇವೆಲ್ಲವೂ ಹೊರಗೆ. ಒಂದೇ ಚೀಲದಲ್ಲಿ ಎಲ್ಲವೂ ಬೆರೆತಿರುವ ಕಡೆಯಿಂದ ನಾನು ತರುವುದಿಲ್ಲ.

ಹುಲ್ಲಿನದು ಬೇರೆ ಸಮಸ್ಯೆ: ಬೂಷ್ಟು. ಕಟ್ಟಿನ ಹೊರಭಾಗ ಹೊಂಬಣ್ಣದಲ್ಲಿದ್ದರೂ ನಡುವೆ ಕೈ ಹಾಕಿ ಒಂದು ಹಿಡಿ ಎಳೆದು ನೋಡಬೇಕು. ಮುಷ್ಟಿಯಲ್ಲಿ ಹಿಸುಕಿ ಬಿಟ್ಟಾಗ ಚಟ್ಟನೆ ಅರಳಿದರೆ ಒಣಗಿದೆ. ಮುದ್ದೆಯಾಗಿ ಉಳಿದರೆ ತೇವವಿದೆ. ಬಿಸಿಲಿಗೆ ಹಿಡಿದು ಕೊಡವಿದಾಗ ಬೂದು-ಹಸಿರು ಪುಡಿ ಹೊಗೆಯಂತೆ ಎದ್ದರೆ, ಅಥವಾ ಮುಗ್ಗಲು ವಾಸನೆ ಬಂದರೆ, ಇಡೀ ಕಟ್ಟನ್ನೇ ಬಿಡಿ. ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ಈ ಪರೀಕ್ಷೆ ಮಾಡಿ. "ಎರಡು ದಿನ ಬಿಸಿಲಿಗೆ ಹಾಕಿದರೆ ಸರಿಹೋಗುತ್ತದೆ" ಎನ್ನುವವರಿದ್ದಾರೆ. ತೇವ ಹೋಗುತ್ತದೆ, ನಿಜ. ಬೂಷ್ಟಿನ ಬೀಜಕಣಗಳು ಅಲ್ಲೇ ಇರುತ್ತವೆ, ಒಣಗಿದ ಮೇಲೆ ಇನ್ನೂ ಸುಲಭವಾಗಿ ಹಾರುತ್ತವೆ. ಆಸ್ಪರ್‌ಜಿಲ್ಲಸ್ ಎಂಬ ಬೂಷ್ಟು ಕೋಳಿಯ ಶ್ವಾಸಕೋಶ ಮತ್ತು ಗಾಳಿಚೀಲಗಳಲ್ಲಿ ಬೇರೂರಿದರೆ ಬಾಯಿ ತೆರೆದು ಏದುಸಿರು ಬಿಡುತ್ತವೆ. ಆ ಹಂತದಲ್ಲಿ ಚಿಕಿತ್ಸೆ ಫಲಿಸುವುದು ತೀರಾ ಕಷ್ಟ.

ಒಳ್ಳೆಯ ಹುಲ್ಲನ್ನೂ ಇಡಿಯಾಗಿ ಹಾಕುವುದಿಲ್ಲ, 2–3 ಇಂಚಿಗೆ ಕತ್ತರಿಸುತ್ತೇನೆ. ಉದ್ದನೆಯ ನಾರಿನ ಎಳೆಯನ್ನು ನುಂಗಿದರೆ ಕುತ್ತಿಗೆಯ ಬುಡದಲ್ಲಿರುವ ಮೇವಿನ ಚೀಲದಲ್ಲಿ ಸಿಂಬಿ ಸುತ್ತಿ ಕಟ್ಟಿಕೊಳ್ಳುತ್ತದೆ. ರಾತ್ರಿ ತುಂಬಿದ್ದ ಚೀಲ ಬೆಳಗ್ಗೆ ಮೇವು ಹಾಕುವ ಮೊದಲು ಖಾಲಿಯಾಗಿರಬೇಕು. ಗಟ್ಟಿ ಉಂಡೆ ಕೈಗೆ ಸಿಕ್ಕರೆ ಇದೇ ಎಂದು ಅನುಮಾನಿಸಿ. ಕಟ್ಟು ಬಿಗಿದ ಹುರಿ, ಪ್ಲಾಸ್ಟಿಕ್ ದಾರದ ಎಳೆ ಒಂದೂ ಉಳಿಯಬಾರದು. ನಾಲಿಗೆಗೆ ಸುತ್ತಿಕೊಳ್ಳುತ್ತದೆ, ಕಾಲ್ಬೆರಳಿಗೆ ಬಿಗಿದು ರಕ್ತ ನಿಲ್ಲಿಸುತ್ತದೆ. ಹಳೆ ಬಟ್ಟೆ ಹಾಕಬಾರದು ಎನ್ನುವುದೂ ಈ ದಾರದ ಕಾರಣಕ್ಕೇ. ಹೊಸ ಹಾಸನ್ನು ಕೋಳಿಗಳು ಹೊಟ್ಟೆ ತುಂಬ ಮೇಯ್ದ ಮೇಲೆ ಹಾಕಿದರೆ ಕುಕ್ಕುವುದು ಕಡಿಮೆ. ಆಗತಾನೆ ಕೊಯ್ದ ಹಸಿ ಹುಲ್ಲಂತೂ ಗೂಡಿನೊಳಗೆ ಬಿಸಿಯಾಗಿ ಬೇಗನೆ ಬೂಷ್ಟು ಹಿಡಿಯುತ್ತದೆ.

ಭತ್ತದ ಹೊಟ್ಟು ಹಗುರ, ಅಗ್ಗ, ಆದರೆ ನೀರು ಹೀರುವುದು ಕಡಿಮೆ, ಮೊಟ್ಟೆ ಅದರಲ್ಲಿ ಮುಳುಗಿ ತಳ ಸೇರುತ್ತದೆ. ಕೋಳಿಮನೆಯ ನೆಲಕ್ಕೆ ಚೆನ್ನ, ಗೂಡಿಗೆ ಅಲ್ಲ. ತೆಂಗಿನ ನಾರಿನ ಪುಡಿಯೂ ಹಾಗೆಯೇ: ಒಣಗಿದಾಗ ಧೂಳು, ಮೊಟ್ಟೆಗೆಲ್ಲ ಕಂದು ಬಣ್ಣ. ಚೂರು ಮಾಡಿದ ಸಾದಾ ಕಾಗದ ತುರ್ತಿಗೆ ಆಗುತ್ತದೆ, ಒದ್ದೆಯಾದರೆ ಚಪ್ಪಟೆ ಮುದ್ದೆ. ಹೊಳಪಿನ ಕಾಗದ, ಅಂಗಡಿ ರಸೀದಿ, ಸ್ಟೇಪಲ್ ಪಿನ್ ಇರುವುದು ಬೇಡ. ತೊಳೆಯಬಹುದಾದ ರಬ್ಬರ್ ಚಾಪೆ ಒಳ್ಳೆಯದೇ, ಬರಿ ಚಾಪೆಯನ್ನು ಹೇಂಟೆಗಳು ಒಪ್ಪದಿದ್ದರೆ ಮೇಲೊಂದು ಹಿಡಿ ಹುಲ್ಲು ಉದುರಿಸಿ.

ಹುಳ ಬಾರದಿರಲಿ ಎಂದು ಹಾಸಿನಲ್ಲಿ ನುಸಿಗುಳಿಗೆ, ಫಿನೈಲ್, ಕೀಟನಾಶಕ ಪುಡಿ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಕೋಳಿಗೂ ವಿಷ, ನಾವು ತಿನ್ನುವ ಮೊಟ್ಟೆಗೂ ಸೇರುತ್ತದೆ. ರಕ್ತ ಹೀರುವ ಕೆಂಪು ನುಸಿ ಹಗಲಿನಲ್ಲಿ ಹಲಗೆಯ ಸಂದಿಯಲ್ಲಿ ಅಡಗಿ ರಾತ್ರಿ ಹೊರಬರುತ್ತದೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಸಂದಿಯುದ್ದಕ್ಕೂ ಬಿಳಿ ಬಟ್ಟೆ ಎಳೆಯಿರಿ, ಕೆಂಪು ಗೆರೆ ಮೂಡಿದರೆ ನುಸಿ ಇದೆ. ಹಾಸನ್ನೆಲ್ಲ ಚೀಲಕ್ಕೆ ಕಟ್ಟಿ ಹೊರಹಾಕಿ, ಸಂದಿಗಳಿಗೆ ಕುದಿನೀರು ಹೊಯ್ದು, ಒಣಗಿದ ಮೇಲೆ ಸುಣ್ಣ ಬಳಿದು, ಸುಣ್ಣ ಪೂರ್ತಿ ಒಣಗುವ ತನಕ ಹೊಸ ಹಾಸು ಹಾಕುವುದಿಲ್ಲ. ಸೆಕೆಗಾಲದಲ್ಲಿ ಈ ನುಸಿಯ ಸಂತತಿ ಸುಮಾರು ವಾರದೊಳಗೇ ಬೆಳೆದು ನಿಲ್ಲುವುದರಿಂದ ಐದಾರು ದಿನಕ್ಕೆ ಮತ್ತೊಮ್ಮೆ ಮಾಡಲೇಬೇಕು.

ಮಾಮೂಲಿ ದಿನಗಳಲ್ಲಿ ಮೊಟ್ಟೆ ತೆಗೆಯುವಾಗಲೇ ಹಿಕ್ಕೆ ಬಿದ್ದ ಹಿಡಿಯನ್ನೂ ತೆಗೆಯುತ್ತೇನೆ, ವಾರಕ್ಕೊಮ್ಮೆ ಮೇಲಿನ ಹುಲ್ಲು ತುಂಬುತ್ತೇನೆ, ತಿಂಗಳಿಗೊಮ್ಮೆ ಪೂರ್ತಿ ಬದಲು. ಮಳೆಗಾಲದಲ್ಲಿ ಹದಿನೈದು ದಿನಕ್ಕೆ. ಮೊಟ್ಟೆ ಒಡೆದರೆ ಮಾತ್ರ ಕಾಯುವಂತಿಲ್ಲ, ಲೋಳೆ ಇಳಿದಷ್ಟು ಆಳದ ಹಾಸನ್ನು ಆಗಲೇ ತೆಗೆಯಬೇಕು. ಬಿಟ್ಟರೆ ಕೊಳೆತು ನಾರುತ್ತದೆ, ಹೇಂಟೆಗಳಿಗೆ ಮೊಟ್ಟೆಯ ರುಚಿಯೂ ಹತ್ತುತ್ತದೆ.

ಇಷ್ಟಾದರೂ ದಿನಾ ಬೆಳಗ್ಗೆ ಗೂಡು ಗಲೀಜಾಗಿದ್ದರೆ ತಪ್ಪು ಹಾಸಿನದಲ್ಲ, ಕೋಳಿ ಅಲ್ಲೇ ಮಲಗುತ್ತಿದೆ. ರಾತ್ರಿ ಕೂರುವ ಕಂಬಿ ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು, ಏಕೆಂದರೆ ಕೋಳಿ ಆರಿಸುವುದು ಎತ್ತರದ ಜಾಗವನ್ನೇ. ಅಭ್ಯಾಸ ಬಿಡಿಸುವ ತನಕ ಸಂಜೆ ಪೆಟ್ಟಿಗೆಯ ಬಾಯಿಗೆ ಹಲಗೆ ಅಡ್ಡ ಇಟ್ಟು, ಬೆಳಕು ಹರಿಯುವ ಮೊದಲೇ ತೆಗೆಯಿರಿ.